ಅನ್ನ ಬಿಟ್ಟರೂ ಇಳಿಯದ ತೂಕ

"ಏನೇನು ಬಿಡಬೇಕು ಹೇಳಿಬಿಡಿ ಮೇಡಂ." ಹಾಸನದಲ್ಲಿ ಆಹಾರ ಸಲಹೆ ನೀಡುವ ನನಗೆ ತೂಕ ಇಳಿಸಲು ಬಂದವರಿಂದ ಎದುರಾಗುವ ಮೊದಲ ಮಾತು ಬಹುತೇಕ ಇದೇ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆಯವರು ಅನ್ನ ಬಿಟ್ಟು ಬರೀ ಮುದ್ದೆ ಉಣ್ಣಬಹುದೇ ಎಂದು ಕೇಳುತ್ತಾರೆ. ಸಕಲೇಶಪುರ, ಮೂಡಿಗೆರೆಯ ಕಡೆಯವರು ಕಡುಬು, ಅಕ್ಕಿರೊಟ್ಟಿ ಬಿಟ್ಟು ಚಪಾತಿಗೆ ಬದಲಾಗಬೇಕೇ ಎಂದು ಕೇಳುತ್ತಾರೆ. ತೂಕಕ್ಕೆಲ್ಲ ಯಾವುದೋ ಒಂದು ಪದಾರ್ಥವೇ ಕಾರಣ ಎಂಬ ನಂಬಿಕೆ ಈ ಪ್ರಶ್ನೆಗಳ ಹಿಂದೆ ಇರುತ್ತದೆ. ಬೆಳಗಿನಿಂದ ಮಲಗುವವರೆಗೆ ಬಾಯಿಗೆ ಹೋದದ್ದನ್ನೆಲ್ಲ ಒಟ್ಟಾಗಿ ನೋಡದೆ ನಾನು ಇವಕ್ಕೆ ಉತ್ತರ ಹೇಳುವುದಿಲ್ಲ. ಅದಕ್ಕಾಗಿ ಮೂರು ದಿನ ತಿಂದದ್ದು, ಕುಡಿದದ್ದು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಬರಲು ಹೇಳುತ್ತೇನೆ.

ಸಕಲೇಶಪುರದ ಕಡೆಯ ಕಾಫಿ ತೋಟದ ಮನೆಯೊಬ್ಬರು ಹೀಗೆ ಬರೆದು ತಂದ ಹಾಳೆ ನನಗೆ ಇಂದಿಗೂ ನೆನಪಿದೆ. ನಲವತ್ತೆಂಟರ ಆ ತಾಯಿ ಎರಡು ತಿಂಗಳಿಂದ ರಾತ್ರಿ ಅನ್ನವನ್ನೇ ಮುಟ್ಟಿರಲಿಲ್ಲ, ಆದರೂ ತೂಕ ಒಂದು ಕಿಲೋ ಕೂಡ ಇಳಿದಿರಲಿಲ್ಲ. ಮೊದಲು ಅವರು ಉಣ್ಣುತ್ತಿದ್ದ ಅನ್ನಕ್ಕೆ ಸುಮಾರು 75 ಗ್ರಾಂ ಅಕ್ಕಿ ಬೇಕಾಗುತ್ತಿತ್ತು. ಅದರಿಂದ ಸಿಗುತ್ತಿದ್ದದ್ದು ಹೆಚ್ಚುಕಡಿಮೆ 270 ಕ್ಯಾಲೊರಿ. ಅದರ ಬದಲಿಗೆ ಬಂದದ್ದು ಮೂರು ಚಪಾತಿ, ಒಂದೊಂದಕ್ಕೂ 30 ಗ್ರಾಂ ಹಿಟ್ಟು, ಬೇಯಿಸುವಾಗ ಮೇಲೊಂದು ಟೀ ಚಮಚ ಎಣ್ಣೆ. ಹಿಟ್ಟಿನಿಂದ 290, ಎಣ್ಣೆಯಿಂದ 120, ಒಟ್ಟು 400 ದಾಟಿತು. ಅನ್ನವನ್ನು ಬಿಟ್ಟು ಅವರು ಮೊದಲಿಗಿಂತ ಹೆಚ್ಚೇ ತಿನ್ನುತ್ತಿದ್ದರು, ಅದೂ ಮನಸ್ಸಿಗೆ ಒಗ್ಗದ ಊಟವನ್ನು.

ಹಾಳೆಯಲ್ಲಿ ಇನ್ನೊಂದು ಸಂಗತಿಯೂ ಇತ್ತು. ಎದ್ದ ಕೂಡಲೇ ಒಂದು, ತಿಂಡಿಯ ಜೊತೆ ಒಂದು, ಆಳುಗಳಿಗೆ ಮಾಡಿದಾಗ ಒಂದು, ಸಂಜೆ ಒಂದು, ಯಾರಾದರೂ ಬಂದರೆ ಮತ್ತೊಂದು, ಹೀಗೆ ದಿನಕ್ಕೆ ಐದು ಲೋಟ ಕಾಫಿ. ಲೋಟಕ್ಕೆ 100 ಮಿಲಿಲೀಟರ್ ಹಾಲು, ಎರಡು ಟೀ ಚಮಚ ಸಕ್ಕರೆ ಎಂದುಕೊಂಡರೆ ಸಕ್ಕರೆಯೇ 50 ಗ್ರಾಂ, ಅಂದರೆ 200 ಕ್ಯಾಲೊರಿ. ಅರ್ಧ ಲೀಟರ್ ಹಸುವಿನ ಹಾಲಿನಿಂದ ಇನ್ನೂ 300ಕ್ಕೂ ಹೆಚ್ಚು. ನಮ್ಮ ಮಲೆನಾಡಿನಲ್ಲಿ ಕಾಫಿಯನ್ನು ಯಾರೂ ಆಹಾರವೆಂದು ಎಣಿಸುವುದಿಲ್ಲವಾದ್ದರಿಂದ ಒಂದು ಊಟಕ್ಕೆ ಸಮನಾದ ಈ 500 ಕ್ಯಾಲೊರಿ ಯಾರ ಲೆಕ್ಕಕ್ಕೂ ಸಿಗದೆ ಉಳಿದುಬಿಡುತ್ತದೆ.

ಹಾಗೆಂದು ಹಾಲನ್ನು ಬಿಡಿಸುವುದು ಸರಿಯಲ್ಲ. ಅನೇಕ ಹೆಣ್ಣುಮಕ್ಕಳಿಗೆ ದಿನದಲ್ಲಿ ಸಿಗುವ ಪ್ರೋಟೀನ್ ಮತ್ತು ಕ್ಯಾಲ್ಸಿಯಂನ ದೊಡ್ಡ ಪಾಲು ಆ ಹಾಲಿನಿಂದಲೇ ಬರುತ್ತದೆ. ಕಡಿಮೆ ಮಾಡಬೇಕಾದದ್ದು ಮೊದಲು ಸಕ್ಕರೆಯನ್ನು, ಅದೂ ಒಮ್ಮೆಲೇ ಅಲ್ಲದೆ ವಾರಕ್ಕೆ ಅರ್ಧ ಚಮಚದಂತೆ. ನಾಲಿಗೆ ಕೆಲವೇ ವಾರಗಳಲ್ಲಿ ಹೊಸ ರುಚಿಗೆ ಹೊಂದಿಕೊಳ್ಳುವುದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಬೆಲ್ಲದ ಕಾಫಿ ಕುಡಿಯಬಹುದೇ ಎಂಬ ಪ್ರಶ್ನೆ ಇದರ ಬೆನ್ನಿಗೇ ಬರುತ್ತದೆ. ರುಚಿಗಾಗಿ ಕುಡಿಯುವುದಾದರೆ ಕುಡಿಯಿರಿ, ಆದರೆ ತೂಕದ ಮಟ್ಟಿಗೆ ಬೆಲ್ಲಕ್ಕೂ ಸಕ್ಕರೆಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ, ಸಕ್ಕರೆ ಕಾಯಿಲೆಯವರಿಗಂತೂ ಎರಡೂ ಒಂದೇ. ಕಾಫಿಯ ಹೊತ್ತಿನ ಬಗ್ಗೆಯೂ ಒಂದು ಮಾತಿದೆ. ಊಟಕ್ಕೆ ಒಂದು ಗಂಟೆ ಮೊದಲು ಮತ್ತು ಊಟವಾದ ಒಂದು ಗಂಟೆಯವರೆಗೆ ಕಾಫಿ, ಚಹಾ ಬೇಡವೆಂದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ ಹೇಳುತ್ತದೆ. ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದ ಅಂಶವನ್ನು ದೇಹ ಹೀರಿಕೊಳ್ಳದಂತೆ ಕಾಫಿ, ಚಹಾದಲ್ಲಿರುವ ಟ್ಯಾನಿನ್ ಎಂಬ ಒಗರು ಅಂಶ ತಡೆಯುತ್ತದೆ. ರಕ್ತಹೀನತೆಯಿಂದ ಸುಸ್ತಾಗಿ, ಆ ಸುಸ್ತಿಗೆಂದೇ ಮತ್ತೊಂದು ಲೋಟ ಕಾಫಿ ಕುಡಿಯುವ ಹೆಂಗಸರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಇನ್ನು ಮುದ್ದೆಯ ವಿಚಾರ. ರಾಗಿಯ ಮೇಲೆ ನನಗೆ ಬಹಳ ಅಭಿಮಾನವಿದೆ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗೂ ಹೆಚ್ಚು ಕ್ಯಾಲ್ಸಿಯಂ ಇದೆ, ಪಾಲಿಶ್ ಮಾಡಿದ ಅಕ್ಕಿಗಿಂತ ನಾರಿನಂಶ ಹಲವು ಪಟ್ಟು ಹೆಚ್ಚು. ಆದರೆ ಕ್ಯಾಲೊರಿಯ ಲೆಕ್ಕದಲ್ಲಿ 100 ಗ್ರಾಂ ರಾಗಿಗೆ ಸುಮಾರು 320, ಅಷ್ಟೇ ಅಕ್ಕಿಗೆ ಸುಮಾರು 355. ಅಂತರ ಇಷ್ಟೇ ಇರುವಾಗ, ಮುದ್ದೆ ಎಂಬ ಕಾರಣಕ್ಕೆ ಎರಡರ ಬದಲು ಮೂರು ಉಂಡರೆ ತೂಕ ಏರದೆ ಇರುವುದಿಲ್ಲ. ಉಳುಮೆ, ನಾಟಿ, ಕಳೆ ಕೀಳುವ ಕೆಲಸ ಮೈಮೇಲಿದ್ದ ಕಾಲದಲ್ಲಿ ನಿಗದಿಯಾದ ಮುದ್ದೆಯ ಗಾತ್ರ, ಟ್ರ್ಯಾಕ್ಟರ್ ಬಂದ ಮೇಲೂ, ಮನೆಯ ಮಗ ಪೇಟೆಯಲ್ಲಿ ಕುರ್ಚಿಯ ಕೆಲಸ ಹಿಡಿದ ಮೇಲೂ ಬದಲಾಗಿಲ್ಲ. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ರೂಢಿಯಾದ್ದರಿಂದ ಊಟ ಬೇಗ ಮುಗಿಯುತ್ತದೆ, ಹೊಟ್ಟೆ ತುಂಬಿತೆಂದು ತಿಳಿಯುವಷ್ಟರಲ್ಲಿ ಎರಡನೆಯದೂ ಖಾಲಿಯಾಗಿರುತ್ತದೆ. ಆದ್ದರಿಂದ ನಾನು ಮೊದಲು ಪಲ್ಯ ತಿನ್ನಲು ಹೇಳುತ್ತೇನೆ. ಬಸ್ಸಾರು ಮಾಡಿದ ದಿನ ಕಾಳು, ಸೊಪ್ಪಿನ ಪಲ್ಯ ಹೇಗೂ ಇರುತ್ತದೆ. ಅದನ್ನು ನಂಚಿಕೊಳ್ಳುವಷ್ಟು ಹಾಕಿಕೊಳ್ಳದೆ ಒಂದು ಬಟ್ಟಲು ತುಂಬ ಹಾಕಿಕೊಂಡು, ಮುದ್ದೆಯನ್ನು ಒಂದಕ್ಕೆ ಇಳಿಸಿದರೆ ಅದಕ್ಕಿಂತ ಒಳ್ಳೆಯ ಪಥ್ಯದ ಊಟವನ್ನು ನಾನು ಬರೆದುಕೊಡಲಾರೆ.

ವೃತ್ತಿಯ ಆರಂಭದಲ್ಲಿ ನಾನು ಓಟ್ಸ್, ಆಲಿವ್ ಎಣ್ಣೆ, ಬ್ರೊಕೊಲಿ ಎಂದೆಲ್ಲ ಅಚ್ಚು ಹಾಕಿಸಿದ ಪಟ್ಟಿಯನ್ನೇ ಎಲ್ಲರಿಗೂ ಕೊಡುತ್ತಿದ್ದೆ. ಎರಡು ವಾರಕ್ಕಿಂತ ಹೆಚ್ಚು ಯಾರೂ ಪಾಲಿಸಲಿಲ್ಲ, ಮತ್ತು ಆ ತಪ್ಪು ಅವರದಾಗಿರಲಿಲ್ಲ. ಈಗ ಅವರ ಮನೆಯ ಅಡುಗೆಯಲ್ಲೇ ಪ್ರಮಾಣವನ್ನು ಹಿಂದುಮುಂದು ಮಾಡುತ್ತೇನೆ.

ಈ ಬದಲಾವಣೆಯಲ್ಲಿ ನಾನು ಹೆಚ್ಚು ಒತ್ತು ಕೊಡುವುದು ಪ್ರೋಟೀನಿಗೆ. ದೇಹದ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ ಎಂಬುದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಶಿಫಾರಸು. 60 ಕಿಲೋ ತೂಕದವರಿಗೆ ಇದು ಸುಮಾರು 50 ಗ್ರಾಂ. ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ, 100 ಗ್ರಾಂ ಒಣ ಹುರುಳಿಯಲ್ಲಿ 20 ಗ್ರಾಂಗೂ ಹೆಚ್ಚು. ದುರದೃಷ್ಟವೆಂದರೆ ಹುರುಳಿಯ ಕಟ್ಟನ್ನು ಬಸಿದು ಸಾರು ಮಾಡಿ, ಬೆಂದ ಕಾಳನ್ನು ದನಕ್ಕೆ ಹಾಕುವ ಮನೆಗಳು ಇಂದಿಗೂ ಇವೆ. ಸಾರು ಎಷ್ಟೇ ರುಚಿಯಾಗಿರಲಿ, ಪ್ರೋಟೀನಿನ ಹೆಚ್ಚಿನ ಪಾಲು ಉಳಿಯುವುದು ಆ ಕಾಳಿನಲ್ಲಿ. ತೂಕ ಇಳಿಸುವಾಗ ಪ್ರೋಟೀನ್ ಸಾಲದೆ ಹೋದರೆ ಕೊಬ್ಬಿನ ಜೊತೆಗೆ ಸ್ನಾಯುವೂ ಕರಗುತ್ತದೆ.

ಆಲೂಗೆಡ್ಡೆಯ ಬಗ್ಗೆ ಹಾಸನದವರು ಕೇಳದೆ ಇರುವುದಿಲ್ಲ. ಬೇಯಿಸಿದ ಆಲೂಗೆಡ್ಡೆ ದೋಷವುಳ್ಳ ತರಕಾರಿಯೇನಲ್ಲ, ಆದರೆ ಅದನ್ನು ಪಲ್ಯವೆಂದು ಎಣಿಸದೆ ಅನ್ನದ ಪಾಲಿಗೆ ಸೇರಿಸಿಕೊಳ್ಳಬೇಕು; ಅದೇ ಬೋಂಡವಾದರೆ ಎಣ್ಣೆಯ ಲೆಕ್ಕವೂ ಸೇರುತ್ತದೆ. ಬೆಳಗಿನ ಜೇನು ನಿಂಬೆ ನೀರು, ಜೀರಿಗೆ ಕಷಾಯ ಕೊಬ್ಬನ್ನು ಕರಗಿಸುವುದಿಲ್ಲ.

ಎಷ್ಟು ಇಳಿಸಬೇಕು, ಎಷ್ಟು ಬೇಗ ಎಂಬುದಕ್ಕೆ ಹೆಚ್ಚು ವಿವರ ಅಗತ್ಯ. ಭಾರತೀಯರಲ್ಲಿ ದೇಹದ ತೂಕದ ಸೂಚ್ಯಂಕ (ಬಿಎಂಐ, ಅಂದರೆ ಕಿಲೋ ಲೆಕ್ಕದ ತೂಕವನ್ನು ಮೀಟರ್ ಲೆಕ್ಕದ ಎತ್ತರದಿಂದ ಎರಡು ಸಲ ಭಾಗಿಸಿದಾಗ ಬರುವ ಸಂಖ್ಯೆ) 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ಪರಿಗಣಿಸಲಾಗುತ್ತದೆ. 155 ಸೆಂಟಿಮೀಟರ್ ಎತ್ತರದ ಹೆಂಗಸಿಗೆ ಈ ಮಿತಿಗಳು ಕ್ರಮವಾಗಿ 55 ಮತ್ತು 60 ಕಿಲೋಗಳಷ್ಟಾಗುತ್ತವೆ. ಸೊಂಟದ ಸುತ್ತಳತೆ ಹೆಂಗಸರಲ್ಲಿ 80, ಗಂಡಸರಲ್ಲಿ 90 ಸೆಂಟಿಮೀಟರ್ ಮೀರಬಾರದು. ಆದರೆ ಎಲ್ಲರೂ ಆ ಮಿತಿಯನ್ನೇ ಮುಟ್ಟಬೇಕೆಂದಿಲ್ಲ. ಈಗಿನ ತೂಕದಲ್ಲಿ ಶೇಕಡ 5ರಿಂದ 10ರಷ್ಟು ಇಳಿದರೂ ರಕ್ತದೊತ್ತಡ, ಸಕ್ಕರೆ ಮಟ್ಟಗಳು ಸುಧಾರಿಸುತ್ತವೆ. ವಾರಕ್ಕೆ ಅರ್ಧ ಕಿಲೋ ಒಳ್ಳೆಯ ವೇಗ. ಮೊದಲ ವಾರದಲ್ಲೇ ಮೂರು ಕಿಲೋ ಇಳಿಯಿತೆಂದು ಸಂಭ್ರಮಿಸುವವರಿಗೆ ಅದರಲ್ಲಿ ಬಹುಪಾಲು ನೀರು ಎಂದು ತಿಳಿಸಬೇಕಾಗುತ್ತದೆ, ಏಕೆಂದರೆ ದೇಹದಲ್ಲಿ ಸಂಗ್ರಹವಾಗಿರುವ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನು ತನ್ನ ಸುಮಾರು ಮೂರು ಪಟ್ಟು ನೀರನ್ನು ಹಿಡಿದುಕೊಂಡಿರುತ್ತದೆ, ಊಟ ಕಡಿಮೆಯಾದಾಗ ಎರಡೂ ಒಟ್ಟಿಗೆ ಹೋಗುತ್ತವೆ. ಅತಿ ವೇಗವಾಗಿ ಇಳಿಸಿದವರಲ್ಲಿ ಪಿತ್ತಕೋಶದ ಕಲ್ಲು ಕಾಣಿಸಿಕೊಳ್ಳುವ ಅಪಾಯವಿದೆ. ಎರಡು ಮೂರು ತಿಂಗಳ ನಂತರ ಕೂದಲು ಉದುರುವುದೂ ಉಂಟು.

ಉಪವಾಸದ ಬಗ್ಗೆ ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿಯೇ ಹೇಳಬೇಕಿದೆ. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುವವರು ಶನಿವಾರವೋ ಏಕಾದಶಿಯೋ ಊಟ ಬಿಟ್ಟು ಔಷಧಿಯನ್ನು ಮಾತ್ರ ಎಂದಿನಂತೆ ತೆಗೆದುಕೊಂಡರೆ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿದು ಪ್ರಜ್ಞೆ ತಪ್ಪಬಹುದು. ವೈದ್ಯರೊಂದಿಗೆ ಮಾತನಾಡದೆ ಅವರು ಉಪವಾಸ ಮಾಡಕೂಡದು. ಗರ್ಭಿಣಿಯರು ತೂಕ ಇಳಿಸುವ ಪ್ರಯತ್ನಕ್ಕೆ ಇಳಿಯಲೇಬಾರದು.

ಆ ತೋಟದ ಮನೆಯ ತಾಯಿ ಈಗ ರಾತ್ರಿ ಅನ್ನವನ್ನೇ ಉಣ್ಣುತ್ತಾರೆ, ಒಂದು ಬಟ್ಟಲು ಅಳೆದು, ಜೊತೆಗೆ ಕಾಳಿನ ಪಲ್ಯ. ಕಾಫಿ ಮೂರು ಲೋಟಕ್ಕೆ ಇಳಿದಿದೆ, ಸಕ್ಕರೆ ಅರ್ಧ ಚಮಚಕ್ಕೆ. ನಾಲ್ಕು ತಿಂಗಳಲ್ಲಿ ನಾಲ್ಕೂವರೆ ಕಿಲೋ ಇಳಿದಿದ್ದಾರೆ. ಕಳೆದ ಬಾರಿ ಬಂದಾಗ ಯುಗಾದಿಗೆ ಒಬ್ಬಟ್ಟು ತಿನ್ನಬಹುದೇ ಎಂದು ಹಿಂಜರಿಯುತ್ತಲೇ ಕೇಳಿದರು. ಹಬ್ಬದ ದಿನ ಎರಡು ತಿನ್ನಿ, ಅಂದು ಅನ್ನವನ್ನು ಅರ್ಧಕ್ಕೆ ಇಳಿಸಿ ಎಂದೆ. ಮಾಡುವಾಗಲೇ ಲೆಕ್ಕ ಹಾಕಿ ಮಾಡಿ, ಉಳಿದದ್ದನ್ನು ಅಂದೇ ಅಕ್ಕಪಕ್ಕದವರಿಗೆ ಹಂಚಿಬಿಡಿ, ಡಬ್ಬಿಯಲ್ಲಿ ಉಳಿದರೆ ವಾರವಿಡೀ ಕಾಫಿಯ ಜೊತೆ ಒಂದೊಂದಾಗಿ ಹೋಗುತ್ತದೆ ಎಂದೂ ಹೇಳಿ ಕಳಿಸಿದೆ.