ಶಾಲೆಯಲ್ಲಿ ಪಾಪದ ಹುಡುಗಿ, ಮನೆಯಲ್ಲಿ?

"ಭಾರೀ ಪಾಪದ ಹುಡುಗಿ." ಉಡುಪಿಯ ನನ್ನ ಕ್ಲಿನಿಕ್ಕಿಗೆ ಟೀಚರ್ ಬರೆದು ಕಳಿಸಿದ್ದು ಇಷ್ಟೇ. ಎಂಟನೇ ಕ್ಲಾಸು, ಒಳ್ಳೇ ಮಾರ್ಕು, ಗಲಾಟೆ ಇಲ್ಲ. ಅಮ್ಮ ಹೇಳಿದ್ದೇ ಬೇರೆ: "ಬಂದವಳೇ ಬ್ಯಾಗ್ ಬಿಸಾಡ್ತಾಳೆ ಡಾಕ್ಟ್ರೇ. ಬಾಗಿಲು ಹಾಕಿ ಒಂದು ಗಂಟೆ ಅಳು. ಕೇಳಿದ್ರೆ ಏನಿಲ್ಲ ಅಂತಾಳೆ." (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ಮೂರನೇ ಭೇಟಿಯಲ್ಲಿ ಹುಡುಗಿ ನೋಟ್‌ಬುಕ್ಕಿನ ಕೊನೇ ಹಾಳೆ ತೋರಿಸಿದಳು. "ಎಲ್ಲರೂ ನಕ್ಕಾಗ ನಗಬೇಕು. ಊಟ ಆಯ್ತಾ ಅಂದರೆ ಆಯ್ತು ಅಂದರೆ ಸಾಕು, ಏನು ಪದಾರ್ಥ ಅಂತ ಹೇಳಬಾರದು." ಹೀಗೆ ಹದಿನೇಳು ನಿಯಮ. ಉಳಿದ ಮಕ್ಕಳಿಗೆ ತಾನಾಗಿ ಬರುವುದನ್ನು ಇವಳು ಬಾಯಿಪಾಠ ಮಾಡಿದ್ದಳು. ಅವಳಿಗಿದ್ದದ್ದು ಆಟಿಸಂ, ಅಂದರೆ ಜನರೊಡನೆ ಬೆರೆಯುವ, ಶಬ್ದ-ಬದಲಾವಣೆ ಸಹಿಸುವ ರೀತಿಯೇ ಬೇರೆ ಇರುವುದು. ಅದು ಕಾಣದಂತೆ ಹೀಗೆ ಮುಚ್ಚಿಡುವುದಕ್ಕೆ ನಾವು ಮಾಸ್ಕಿಂಗ್ ಅನ್ನುತ್ತೇವೆ. ದಿನವಿಡೀ ವೇಷ ಕಟ್ಟಿದ ಹಾಗೆ. ಅವಳಿಗೆ ಮನೆಯೇ ಚೌಕಿ (ಯಕ್ಷಗಾನದವರ ಬಣ್ಣದ ಕೋಣೆ), ಬಣ್ಣ ಅಳಿಸುವುದು ಅಲ್ಲೇ.

ಹೋಲಿಕೆ ಅವಳಿಂದಲೇ ಸಿಕ್ಕಿದ್ದು. ಯಕ್ಷಗಾನ ಅಂದರೆ ಪ್ರಾಣ. ಮಿಕ್ಸಿ ಶಬ್ದಕ್ಕೆ ಕಿವಿ ಮುಚ್ಚುವವಳು ಚಂಡೆ ಹೇಗೆ ಕೇಳುತ್ತಾಳೆ ಅಂತ ಅಮ್ಮನಿಗೆ ಸಂಶಯ. "ಪೆಟ್ಟು ಯಾವಾಗ ಬೀಳ್ತದೆ ಅಂತ ನಂಗೆ ಗೊತ್ತುಂಟಲ್ಲ" ಅಂದಳು. ಮಿಕ್ಸಿ ಹೇಳಿ ಕೇಳಿ ಶುರುವಾಗುವುದಿಲ್ಲ, ಅಲ್ವಾ?

ಆಟಿಸಂ ಗಂಡುಮಕ್ಕಳದ್ದು ಎಂಬ ಮಾತು ಸುಮ್ನೆ ಹುಟ್ಟಿಲ್ಲ. 1943ರಲ್ಲಿ ಮನೋವೈದ್ಯ ಲಿಯೊ ಕ್ಯಾನರ್ ಆಟಿಸಂ ಎಂದು ವಿವರಿಸಿದ 11 ಮಕ್ಕಳಲ್ಲಿ 8 ಹುಡುಗರು. ಮರುವರ್ಷ ಮಕ್ಕಳ ವೈದ್ಯ ಹಾನ್ಸ್ ಆಸ್ಪರ್ಗರ್ ಬರೆದ ನಾಲ್ವರೂ ಹುಡುಗರೇ. ನಾವು ಓದಿದ ಲಕ್ಷಣಗಳು ಬೆಳೆದದ್ದು ಅಲ್ಲಿಂದ. ಹುಡುಗಿಯೊಬ್ಬಳಿಗೆ ನಾಲ್ವರು ಹುಡುಗರು ಅನ್ನುತ್ತಿದ್ದೆವು. ಹಲವು ಅಧ್ಯಯನ ಒಟ್ಟುಗೂಡಿಸಿ ನೋಡಿದ 2017ರ ವರದಿಯಲ್ಲಿ ಅದು ಮೂವರ ಹತ್ತಿರ ಬಂತು. ಆಟಿಸಂ ಗುರುತಾಗದ ಹುಡುಗಿಯರು ಆತಂಕಕ್ಕೋ ಡಿಪ್ರೆಶನ್ನಿಗೋ ಗುಳಿಗೆ ನುಂಗುತ್ತಾ ದೊಡ್ಡವರಾಗುತ್ತಾರೆ. ನಾನೂ ಬರೀ ಗುಳಿಗೆ ಬರೆದು ಕಳಿಸಿದ್ದುಂಟು. ಮಗನ ತಪಾಸಣೆಗೆ ಬಂದ ಅಮ್ಮಂದಿರು "ಡಾಕ್ಟ್ರೇ, ನಾನೂ ಹೀಗೇ ಇದ್ದೆ" ಅಂದಾಗಲೇ ನನಗೆ ಜಾಸ್ತಿ ತಿಳಿದದ್ದು.

2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಆಟಿಸಂ ಕೂಡ ಇದೆ. ಸರ್ಟಿಫಿಕೇಟ್ ಅಂದ ಕೂಡಲೇ ಅಜ್ಜಿ "ನಾಳೆ ಮದುವೆಗೆ ತೊಂದರೆ ಆಗುದಿಲ್ವಾ?" ಅಂದರು. ಇರಲಿ, ಅದನ್ನು ಆಮೇಲೆ ನೋಡೋಣ, ಮೊದಲು ಶಾಲೆ ಅಂದೆ. ಊಟದ ಬಿಡುವಿನಲ್ಲಿ ಲೈಬ್ರರಿಯಲ್ಲಿ ಕೂರಲು ಬಿಡಿ. ಟೈಮ್‌ಟೇಬಲ್ ಬದಲಾದರೆ ಹಿಂದಿನ ದಿನವೇ ತಿಳಿಸಿ. "ಮುಖ ನೋಡಿ ಮಾತಾಡು" ಅಂತ ಒತ್ತಾಯ ಬೇಡ.

ಟೀಚರ್ ಮೂರಕ್ಕೂ ಒಪ್ಪಿದರು. ಸ್ಕೂಲ್ ಡೇ ಡ್ಯಾನ್ಸಿನಿಂದ ಬಿಡಿ ಅಂದದ್ದಕ್ಕೆ ಮಾತ್ರ ಇನ್ನೂ ಉತ್ತರ ಬಂದಿಲ್ಲ.