ಕಟ್ಟಡವಿಲ್ಲದ ಸ್ಮಾರಕ: ಚಿಕಾನೋ ಪಾರ್ಕ್ ಕುರಿತ ಅಧ್ಯಯನ ಟಿಪ್ಪಣಿ

ಈ ಟಿಪ್ಪಣಿ ಓದುವಾಗ ಒಂದು ಪ್ರಶ್ನೆಯನ್ನು ಜೊತೆಗಿಟ್ಟುಕೊಳ್ಳಿ: ಹಳೆಯ ಕಟ್ಟಡವೇ ಇಲ್ಲದ ಜಾಗವನ್ನು ಪಾರಂಪರಿಕ ತಾಣವೆಂದು ಸರ್ಕಾರದಿಂದ ಒಪ್ಪಿಸುವುದು ಹೇಗೆ? ಅಮೆರಿಕದ ಲ್ಯಾಟಿನೊ ಸಮುದಾಯಗಳು, ಅಂದರೆ ಲ್ಯಾಟಿನ್ ಅಮೆರಿಕ ಮೂಲದ ಜನ, ಮತ್ತೆ ಮತ್ತೆ ಎದುರಿಸಿದ ಪ್ರಶ್ನೆ ಇದು. ಅವರ ಬದುಕು ನಡೆದದ್ದು ಬಾಡಿಗೆ ಮನೆ, ಹೊಲ, ಕಾರ್ಖಾನೆ, ಬೀದಿಗಳಲ್ಲಿ.

ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯಾಗೊ ನಗರದ ಬ್ಯಾರಿಯೊ ಲೋಗನ್ ಅಂಥದೊಂದು ಕೇರಿ. ಚಿಕಾನೋ ಪಾರ್ಕ್ ಇರುವುದು ಇಲ್ಲೇ; ಚಿಕಾನೋ ಎಂದರೆ ಮೆಕ್ಸಿಕನ್ ಮೂಲದ ಅಮೆರಿಕನ್ನರು. 1910ರ ಮೆಕ್ಸಿಕನ್ ಕ್ರಾಂತಿಯ ನಂತರ ಇಲ್ಲಿಗೆ ಬಂದು ನೆಲೆಸುವ ಕುಟುಂಬಗಳ ಸಂಖ್ಯೆ ಹೆಚ್ಚಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ನೌಕಾಪಡೆ ಮತ್ತು ರಕ್ಷಣಾ ಕಾರ್ಖಾನೆಗಳು ಕಡಲಂಚನ್ನು ಆಕ್ರಮಿಸಿದವು. 1950ರ ದಶಕದಲ್ಲಿ ಭೂಬಳಕೆಯ ನಿಯಮ ಬದಲಾಗಿ ಮನೆಗಳ ಪಕ್ಕದಲ್ಲೇ ಗುಜರಿ ಅಂಗಡಿಗಳು ಬಂದವು. 1963ರಲ್ಲಿ ಇಂಟರ್‌ಸ್ಟೇಟ್ 5 ಹೆದ್ದಾರಿ ಕೇರಿಯನ್ನು ಎರಡು ಹೋಳು ಮಾಡಿತು. 1969ರಲ್ಲಿ ಕೊರೊನಾಡೊ ಸೇತುವೆಯ ಕಾಂಕ್ರೀಟ್ ಕಂಬಗಳು ಮನೆಗಳಿದ್ದ ಜಾಗದಲ್ಲೇ ನಿಂತವು. ಪ್ರತಿ ಬಾರಿಯೂ ಕಳೆದುಕೊಂಡವರು ಅದೇ ಜನ. ಈ ಸರಣಿ ಮನಸ್ಸಿನಲ್ಲಿ ನಿಲ್ಲದಿದ್ದರೆ ಮುಂದಿನ ಸಿಟ್ಟು ಅರ್ಥವಾಗುವುದಿಲ್ಲ.

ಸೇತುವೆಯ ಕೆಳಗೊಂದು ಉದ್ಯಾನ ಬೇಕೆಂದು ಅವರು ಕೇಳಿದ್ದರು. 1970ರ ಏಪ್ರಿಲ್ 22ರಂದು ಬುಲ್ಡೋಜರ್‌ಗಳು ಬಂದಿದ್ದು ಬೇರೆ ಕೆಲಸಕ್ಕೆ: ಹೆದ್ದಾರಿ ಗಸ್ತು ಪೊಲೀಸರ ಠಾಣೆ ಮತ್ತು ಅದರ ವಾಹನ ನಿಲುಗಡೆಗೆ ನೆಲ ಸಮ ಮಾಡುವುದಕ್ಕೆ. ಸುದ್ದಿ ಹಬ್ಬಿತು. ವಿದ್ಯಾರ್ಥಿಗಳು, ತಾಯಂದಿರು, ಮಕ್ಕಳು ಬಂದು ಯಂತ್ರಗಳಿಗೆ ಅಡ್ಡ ನಿಂತರು. ಹನ್ನೆರಡು ದಿನ ಜಾಗ ಬಿಟ್ಟು ಕದಲಲಿಲ್ಲ. ಸುಮ್ಮನೆ ಕೂರದೆ ನೆಲ ಅಗೆದು ಕತ್ತಾಳೆ, ಕಳ್ಳಿ, ಹೂಗಿಡಗಳನ್ನು ನೆಟ್ಟರು. ನನಗೆ ಈ ಇಡೀ ಕಥೆಯ ಜೀವ ಇಲ್ಲಿದೆ ಅನಿಸುತ್ತದೆ: ಅನುಮತಿ ಸಿಗುವ ಮೊದಲೇ ಉದ್ಯಾನ ಶುರುವಾಗಿತ್ತು. ಕೊನೆಗೆ ಸರ್ಕಾರ ಒಪ್ಪಿತು. ಅದೇ ಚಿಕಾನೋ ಪಾರ್ಕ್.

ಆ ಬೋಳು ಕಂಬಗಳ ಮೇಲೆ ಚಿತ್ರ ಬರೆಯಬೇಕೆಂಬ ಕನಸು ಅದೇ ಕೇರಿಯ ಕಲಾವಿದ ಸಾಲ್ವಡಾರ್ ಟೋರೆಸ್ ಅವರದು. 1973ರಲ್ಲಿ ಕೆಲಸ ಆರಂಭವಾದಾಗ ನೆರೆಹೊರೆಯವರೂ ಕುಂಚ ಹಿಡಿದರು. ಮೆಕ್ಸಿಕೊದ ಮೂಲನಿವಾಸಿಗಳಾದ ಆಜ್ಟೆಕ್ ಜನರ ದೇವತೆಗಳು, ಮೆಕ್ಸಿಕನ್ನರು ಆರಾಧಿಸುವ ಗ್ವಾಡಲೂಪೆಯ ಮೇರಿ ಮಾತೆ, ಕೃಷಿ ಕಾರ್ಮಿಕರ ನಾಯಕ ಸೀಸರ್ ಚಾವೆಜ್, ಮೆಕ್ಸಿಕನ್ ಚಿತ್ರಕಲಾವಿದೆ ಫ್ರಿಡಾ ಕಾಹ್ಲೊ ಎಲ್ಲರೂ ಕಂಬಗಳನ್ನೇರಿದರು. ತಮ್ಮ ಕೇರಿಯನ್ನು ಮುರಿದ ಕಾಂಕ್ರೀಟನ್ನೇ ಅವರು ಹಾಳೆ ಮಾಡಿಕೊಂಡರು.

ಈಗ ಕಾನೂನಿನ ಭಾಗ, ಇದನ್ನು ನಿಧಾನವಾಗಿ ಓದಿ. ಅಮೆರಿಕದ ಐತಿಹಾಸಿಕ ತಾಣಗಳ ರಾಷ್ಟ್ರೀಯ ಪಟ್ಟಿಗೆ ಸೇರಲು ಸಾಮಾನ್ಯವಾಗಿ 50 ವರ್ಷ ತುಂಬಿರಬೇಕು. ಮೂಲ ಸ್ವರೂಪವೂ ಉಳಿದಿರಬೇಕು. ಚಿಕಾನೋ ಪಾರ್ಕ್ 2013ರಲ್ಲಿ ಪಟ್ಟಿ ಸೇರಿದಾಗ ಅದಕ್ಕಿನ್ನೂ 50 ಆಗಿರಲಿಲ್ಲ. ಅಸಾಧಾರಣ ಮಹತ್ವವಿದ್ದರೆ ವಯಸ್ಸಿನ ನಿಯಮದಿಂದ ವಿನಾಯಿತಿ ಸಿಗುತ್ತದೆ, ಇದಕ್ಕೆ ಸಿಕ್ಕಿತು. 2016ರಲ್ಲಿ ರಾಷ್ಟ್ರೀಯ ಐತಿಹಾಸಿಕ ಹೆಗ್ಗುರುತು ಎಂಬ ಮೇಲಿನ ದರ್ಜೆಯೂ ಬಂತು. ಅಷ್ಟರಲ್ಲಿ ಮಾಸಿದ ಹಲವು ಚಿತ್ರಗಳಿಗೆ ಮತ್ತೆ ಬಣ್ಣ ಕೊಡಲಾಗಿತ್ತು, ಆ ಕೆಲಸದಲ್ಲಿ ಮೂಲ ಕಲಾವಿದರೂ ಇದ್ದರು. ಹಾಗಾಗಿ ಇಲ್ಲಿ ಉಳಿಸುವುದೆಂದರೆ ಮುಟ್ಟದೆ ಕಾಯುವುದಲ್ಲ, ಬರೆದ ಕೈಗಳೇ ಮತ್ತೆ ಬರೆಯುವುದು.

ಕಾನೂನಿನ ಮಿತಿಯನ್ನೂ ಗಮನಿಸಿ. 1966ರ ರಾಷ್ಟ್ರೀಯ ಐತಿಹಾಸಿಕ ಸಂರಕ್ಷಣಾ ಕಾಯ್ದೆಯ 106ನೇ ವಿಧಿಯ ಪ್ರಕಾರ, ಒಕ್ಕೂಟ ಸರ್ಕಾರದ ಯೋಜನೆ ಇಂಥ ತಾಣಕ್ಕೆ ಧಕ್ಕೆ ತರುತ್ತದೆಯೇ ಎಂದು ಮೊದಲೇ ಪರಿಶೀಲಿಸಬೇಕು. ಆದರೆ ಪಕ್ಕದ ಬೀದಿಯಲ್ಲಿ ಬಾಡಿಗೆ ಏರಿ ಹಳೆಯ ಕುಟುಂಬವೊಂದು ಊರು ಬಿಟ್ಟರೆ ಆ ಕಾಯ್ದೆಗೆ ಹೇಳಲು ಏನೂ ಇಲ್ಲ. ಕಂಬದ ಮೇಲಿನ ಚಿತ್ರದಲ್ಲಿರುವ ಜನ ಕೇರಿಯಲ್ಲಿ ಉಳಿಯುವುದೂ ಸಂರಕ್ಷಣೆಯೇ ಎಂದು ನಾನು ನಂಬುತ್ತೇನೆ.

ಹೋಲಿಕೆಗೆ ಟೆಕ್ಸಾಸ್‌ನ ಮಾರ್ಫಾದಲ್ಲಿರುವ ಬ್ಲ್ಯಾಕ್‌ವೆಲ್ ಶಾಲೆಯನ್ನು ನೋಡಿ. 1909ರಲ್ಲಿ ಹಸಿ ಇಟ್ಟಿಗೆಯಿಂದ ಕಟ್ಟಿದ ಸಾದಾ ಕಟ್ಟಡ. ಮೆಕ್ಸಿಕನ್ ಮೂಲದ ಮಕ್ಕಳನ್ನು 1965ರವರೆಗೆ ಇಲ್ಲಿ ಪ್ರತ್ಯೇಕವಾಗಿ ಓದಿಸಲಾಯಿತು. ಸ್ಪ್ಯಾನಿಷ್ ಮಾತನಾಡಿದರೆ ಶಿಕ್ಷೆ. 1954ರಲ್ಲಿ ಶಿಕ್ಷಕರು ಮಕ್ಕಳಿಂದ ಚೀಟಿಗಳ ಮೇಲೆ ಬರೆಸಿ, ಅವನ್ನು ಪೆಟ್ಟಿಗೆಗೆ ತುಂಬಿ, ‘ಮಿಸ್ಟರ್ ಸ್ಪ್ಯಾನಿಷ್’ನ ಅಂತ್ಯಸಂಸ್ಕಾರ ಎಂದು ಹೂಳಿಸಿದರು. ಶಾಲೆಯನ್ನು ಉಳಿಸಲು ಓಡಾಡಿದವರು ಅಲ್ಲೇ ಓದಿದವರು. 2022ರಲ್ಲಿ ಅದನ್ನು ರಾಷ್ಟ್ರೀಯ ಐತಿಹಾಸಿಕ ತಾಣವಾಗಿಸುವ ಕಾಯ್ದೆಗೆ ಸಹಿ ಬಿತ್ತು. ಅದಕ್ಕೆ ಹದಿನೈದು ವರ್ಷ ಮೊದಲೇ, 2007ರಲ್ಲಿ, ಹಳೆಯ ವಿದ್ಯಾರ್ಥಿಗಳು ಶಾಲೆಯ ಬಳಿ ಸೇರಿ ಸಾಂಕೇತಿಕವಾಗಿ ಮಣ್ಣು ಅಗೆದು ಒಂದು ಸ್ಪ್ಯಾನಿಷ್ ನಿಘಂಟನ್ನು ಮೇಲೆತ್ತಿದ್ದರು.