ಶಾರ್ಟ್‌ಸ್ಟಾಪ್ ಇದ್ದಾನಲ್ಲ, ಮತ್ತೊಬ್ಬ ಏಕೆ?

2025ರ ಜುಲೈ 13ರಂದು ವಾಷಿಂಗ್ಟನ್ ನ್ಯಾಷನಲ್ಸ್ ತಂಡವು ಬೇಸ್‌ಬಾಲ್ ಡ್ರಾಫ್ಟ್‌ನ (ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಕ್ರಮ) ಮೊಟ್ಟಮೊದಲ ಆಯ್ಕೆಯಲ್ಲಿ ಒಕ್ಲಹೋಮಾದ ಹದಿನೇಳು ವರ್ಷದ ಹೈಸ್ಕೂಲ್ ಶಾರ್ಟ್‌ಸ್ಟಾಪ್ (ಎರಡನೆಯ, ಮೂರನೆಯ ಬೇಸ್‌ಗಳ ನಡುವೆ ನಿಲ್ಲುವ ಫೀಲ್ಡರ್) ಈಲೈ ವಿಲಿಟ್ಸ್‌ನ ಹೆಸರನ್ನು ಕರೆಯಿತು. ಅಂದಿನಿಂದ ಉತ್ತರ ವರ್ಜೀನಿಯಾದ ನನ್ನ ಫಿಸಿಯೋಥೆರಪಿ ಕೋಣೆಗೆ ಬರುವವರು, ಅದರಲ್ಲೂ ಮಕ್ಕಳ ಮೊಣಕೈ ನೋವಿಗೆಂದು ಬರುವ ಕನ್ನಡಿಗ ತಂದೆಯರು, ನೋವಿನ ವಿಷಯ ತೆಗೆಯುವ ಮೊದಲೇ ಒಂದು ಮಾತು ಕೇಳುತ್ತಾರೆ: "ಸಾರ್, ನಮ್ಮ ಟೀಮಿನಲ್ಲಿ ಸಿ.ಜೆ. ಏಬ್ರಮ್ಸ್ ಇದ್ದಾನೆ. ಶಾರ್ಟ್‌ಸ್ಟಾಪ್ ಇರುವಾಗ ಮತ್ತೊಬ್ಬ ಶಾರ್ಟ್‌ಸ್ಟಾಪ್ ಏಕೆ? ಬೇಕಾಗಿದ್ದುದು ಚೆಂಡೆಸೆಯುವ ಪಿಚರ್ ಅಲ್ಲವೇ?"

ಅವರ ಬೇಸರ ನನಗೆ ಅರ್ಥವಾಗುತ್ತದೆ. 2019ರಲ್ಲಿ ವರ್ಲ್ಡ್ ಸೀರೀಸ್ ಎಂಬ ಅಂತಿಮ ಪ್ರಶಸ್ತಿ ಸರಣಿಯನ್ನು ಗೆದ್ದ ತಂಡ ಆಮೇಲೆ ಒಂದು ಋತುವಿನಲ್ಲಿಯೂ ಸೋಲಿಗಿಂತ ಹೆಚ್ಚು ಗೆಲುವು ಕಂಡಿಲ್ಲ. ಡ್ರಾಫ್ಟ್‌ಗೆ ಒಂದು ವಾರವಿರುವಾಗ ತಂಡ ಕಟ್ಟುವ ಜನರಲ್ ಮ್ಯಾನೇಜರ್ ಮತ್ತು ಮೈದಾನದಲ್ಲಿ ತಂಡ ನಡೆಸುವ ಮ್ಯಾನೇಜರ್ ಇಬ್ಬರನ್ನೂ ಮನೆಗೆ ಕಳುಹಿಸಲಾಗಿತ್ತು. ಲೂಯಿಸಿಯಾನ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಅದೇ ತಾನೇ ಕಾಲೇಜು ಪ್ರಶಸ್ತಿ ಗೆದ್ದುಕೊಟ್ಟಿದ್ದ ಎಡಗೈ ಪಿಚರ್ ಕೇಡ್ ಆಂಡರ್ಸನ್ ಕಣ್ಣೆದುರಿಗಿದ್ದ. ಸೋತು ಸೋತು ದಣಿದ ಅಭಿಮಾನಿ ನಾಳೆಯೇ ಕೈಗೆ ಸಿಗುವ ಆಟಗಾರನನ್ನು ಬಯಸುವುದು ಸಹಜ. ಆದರೆ ಅವರು ಕೇಳುವ ಪ್ರಶ್ನೆಯಲ್ಲಿ ಒಂದು ತಪ್ಪು ತಿಳಿವಳಿಕೆ ಅಡಗಿದೆ. ಎಷ್ಟು ಸಲ ಹೇಳಿದರೂ ಅದು ಮುಂದಿನ ಜುಲೈಗೆ ಮತ್ತೆ ತಲೆ ಎತ್ತುತ್ತದೆ.

ಹೈಸ್ಕೂಲ್ ಹುಡುಗನ ಹೆಸರಿನ ಮುಂದೆ 'ಶಾರ್ಟ್‌ಸ್ಟಾಪ್' ಎಂದು ಬರೆದಿದ್ದರೆ, ಅವನು ಮುಂದೆ ಮೈದಾನದ ಯಾವ ಜಾಗದಲ್ಲಿ ನಿಲ್ಲುತ್ತಾನೆ ಎಂಬುದನ್ನು ಅದು ಹೇಳುವುದಿಲ್ಲ. ಇಂದು ಅವನ ದೇಹ ಏನೇನು ಮಾಡಬಲ್ಲದು ಎಂಬುದನ್ನಷ್ಟೇ ಹೇಳುತ್ತದೆ. ನಮ್ಮ ಊರುಗಳ ಶಾಲಾ ಕ್ರಿಕೆಟ್ ತಂಡದಲ್ಲಿ ಎಲ್ಲರಿಗಿಂತ ಚೆನ್ನಾಗಿ ಆಡುವ ಹುಡುಗನೇ ಮೊದಲ ಓವರ್ ಎಸೆದು, ಮೂರನೆಯವನಾಗಿ ಬ್ಯಾಟಿಂಗ್‌ಗೂ ಇಳಿಯುವಂತೆ, ಅಮೆರಿಕದ ಹೈಸ್ಕೂಲಿನಲ್ಲಿ ತರಬೇತುದಾರರು ತಮ್ಮ ಅತ್ಯುತ್ತಮ ಹುಡುಗನನ್ನು ಎರಡನೆಯ ಮತ್ತು ಮೂರನೆಯ ಬೇಸ್‌ಗಳ ನಡುವೆ ನಿಲ್ಲಿಸುತ್ತಾರೆ. ಬಲಗೈ ಬ್ಯಾಟರ್‌ಗಳು ಹೊಡೆದು ನೆಲಕ್ಕುರುಳುವ ಚೆಂಡುಗಳಲ್ಲಿ ಬಹುಪಾಲು ಮೈದಾನದ ಆ ಕಡೆಗೇ ಬರುತ್ತವೆ. ಅಲ್ಲಿಂದ ಮೊದಲ ಬೇಸ್‌ಗೆ ಎಸೆತವೂ ದೂರ. ಅಲ್ಲಿ ನಿಂತವನಿಗೆ ಚುರುಕಾದ ಮೊದಲ ಹೆಜ್ಜೆ, ಸಡಿಲವಾದ ಸೊಂಟ, ಚೆಂಡಿನ ಪುಟಿತವನ್ನು ಓದುವ ಕೈ, ಓಡುತ್ತಲೇ ಎಸೆಯಬಲ್ಲ ಭುಜ ಎಲ್ಲವೂ ಬೇಕು. ಈ ಗುಣಗಳಿರುವ ದೇಹ ಮೂರನೆಯ ಬೇಸ್‌ಗೂ ಹೋಗಬಲ್ಲದು, ಎರಡನೆಯ ಬೇಸ್‌ಗೂ ಹೋಗಬಲ್ಲದು, ಔಟ್‌ಫೀಲ್ಡ್‌ಗೂ ಹೋಗಬಲ್ಲದು. ಆದರೆ ಮೊದಲ ಬೇಸ್‌ನಲ್ಲಿ ನಿಂತು ಬೆಳೆದ ಹುಡುಗನನ್ನು ಶಾರ್ಟ್‌ಸ್ಟಾಪ್ ಮಾಡುವುದು ಬಹುಮಟ್ಟಿಗೆ ಆಗದ ಕೆಲಸ.

1990ರ ಡ್ರಾಫ್ಟ್‌ನ ಮೊದಲ ಆಯ್ಕೆಯಾಗಿ ಅಟ್ಲಾಂಟಾ ಸೇರಿದ ಚಿಪ್ಪರ್ ಜೋನ್ಸ್ ಹೈಸ್ಕೂಲ್ ಶಾರ್ಟ್‌ಸ್ಟಾಪ್. ಅವರು ಹೆಸರು ಮಾಡಿದ್ದು ಮೂರನೆಯ ಬೇಸ್‌ನಲ್ಲಿ. 2011ರಲ್ಲಿ ಬಾಸ್ಟನ್ ಐದನೆಯ ಸುತ್ತಿನಲ್ಲಿ ಆರಿಸಿಕೊಂಡ ಮೂಕಿ ಬೆಟ್ಸ್ ಕೂಡ ಹೈಸ್ಕೂಲ್ ಶಾರ್ಟ್‌ಸ್ಟಾಪ್. 2018ರಲ್ಲಿ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರ ಎನಿಸಿಕೊಂಡಾಗ ಅವರು ನಿಲ್ಲುತ್ತಿದ್ದುದು ಬಲ ಔಟ್‌ಫೀಲ್ಡ್‌ನಲ್ಲಿ. ಅಷ್ಟು ದೂರ ಹೋಗುವುದೂ ಬೇಡ. 2021ರಲ್ಲಿ ಇದೇ ನ್ಯಾಷನಲ್ಸ್ ಹನ್ನೊಂದನೆಯ ಆಯ್ಕೆಯಾಗಿ ತೆಗೆದುಕೊಂಡ ಬ್ರೇಡಿ ಹೌಸ್ ಹೈಸ್ಕೂಲ್ ಶಾರ್ಟ್‌ಸ್ಟಾಪ್ ಆಗಿದ್ದ. 2025ರ ಜೂನ್‌ನಲ್ಲಿ ಅತ್ಯುನ್ನತ ಹಂತವಾದ ಮೇಜರ್ ಲೀಗ್‌ಗೆ ಬಂದದ್ದು ಮೂರನೆಯ ಬೇಸ್‌ಮನ್ ಆಗಿ. 2019ರಲ್ಲಿ ಸ್ಯಾನ್ ಡಿಯಾಗೋ ಆರನೆಯ ಆಯ್ಕೆಯಲ್ಲಿ ಕರೆದ ಏಬ್ರಮ್ಸ್ ಕೂಡ ಹೈಸ್ಕೂಲ್ ಶಾರ್ಟ್‌ಸ್ಟಾಪ್. "ನಮಗೆ ಶಾರ್ಟ್‌ಸ್ಟಾಪೂ ಇದ್ದಾನೆ, ಮೂರನೆಯ ಬೇಸ್‌ಮನ್ನೂ ಇದ್ದಾನೆ" ಎಂದು ನನ್ನೆದುರು ಲೆಕ್ಕ ಹಾಕುವವರು ಹೆಸರಿಸುವ ಇಬ್ಬರೂ ಹೀಗೆ ಹೈಸ್ಕೂಲ್ ಶಾರ್ಟ್‌ಸ್ಟಾಪ್ ಆಗಿಯೇ ಆಯ್ಕೆಯಾದವರು.

ಇನ್ನು ಕಾಲದ ಮಾತು. ಡೆರೆಕ್ ಜೀಟರ್ 1992ರಲ್ಲಿ ಆರನೆಯ ಆಯ್ಕೆಯಾಗಿ ನ್ಯೂಯಾರ್ಕ್ ಯಾಂಕೀಸ್ ಸೇರಿ, ಮರುವರ್ಷ ಕೆಳಹಂತದ ಮೈನರ್ ಲೀಗ್‌ನ ಗ್ರೀನ್ಸ್‌ಬರೋದಲ್ಲಿ ಒಂದೇ ಋತುವಿನಲ್ಲಿ 56 ಎರರ್‌ಗಳನ್ನು (ಫೀಲ್ಡಿಂಗ್ ತಪ್ಪುಗಳನ್ನು) ಮಾಡಿದ್ದರು. ಅವರು ವರ್ಷದ ಉತ್ತಮ ಹೊಸ ಆಟಗಾರ ಎನಿಸಿದ್ದು 1996ರಲ್ಲಿ. ಇಂದಿನ ತಂಡದಲ್ಲಿ ಯಾವ ಜಾಗ ಖಾಲಿಯಿದೆ ಎಂದು ನೋಡಿ ನಾಲ್ಕು ವರ್ಷದ ಮೇಲೆ ಬರುವವನನ್ನು ಆರಿಸಲಾಗದು. ಏಬ್ರಮ್ಸ್ ಮೇಲೆ ತಂಡಕ್ಕೆ ಹಕ್ಕು ಇರುವುದೇ 2028ರ ಋತುವಿನವರೆಗೆ.

ದೇಹದ ವಿಷಯದಲ್ಲಿ ಮಾತ್ರ ನಾನು ಸ್ವಲ್ಪ ಅಧಿಕಾರದಿಂದ ಮಾತನಾಡಬಲ್ಲೆ. ಹದಿನೇಳರ ಹುಡುಗನ ಎಲುಬುಗಳೆಲ್ಲ ಇನ್ನೂ ಬೆಳವಣಿಗೆ ಮುಗಿಸಿರುವುದಿಲ್ಲ. ಭುಜದ ಬಳಿಯ ಬೆಳವಣಿಗೆಯ ಪದರ ಹದಿನೆಂಟು ದಾಟಿದ ಮೇಲೂ ತೆರೆದಿರಬಹುದು. ನನ್ನಲ್ಲಿಗೆ ಬರುತ್ತಿದ್ದ ಒಬ್ಬ ಹುಡುಗ ಒಂದೇ ವರ್ಷದಲ್ಲಿ ಅಂಗೈಯಗಲ ಎತ್ತರ ಬೆಳೆದು, ಮೊದಲ ಹೆಜ್ಜೆಯ ಚುರುಕನ್ನು ಕಳೆದುಕೊಂಡ. ಅವನ ಅಮ್ಮನಿಗೆ ಅದು ಸೋಮಾರಿತನವಾಗಿ ಕಂಡಿತ್ತು. ನಿಜವಾಗಿ, ಉದ್ದವಾದ ತೊಡೆಯೆಲುಬನ್ನು ನಡೆಸಲು ಸ್ನಾಯುಗಳು ಇನ್ನೂ ಕಲಿತಿರಲಿಲ್ಲ. ಅವನು ಮೂರನೆಯ ಬೇಸ್‌ಗೆ ಸರಿದು, ಮತ್ತೆ ಸಂತೋಷದಿಂದ ಆಡತೊಡಗಿದ. ವಿಲಿಟ್ಸ್ ಒಂದು ವರ್ಷ ಮೊದಲೇ ಶಾಲೆ ಮುಗಿಸಿದವನು. ಡ್ರಾಫ್ಟ್‌ನ ಇತಿಹಾಸದಲ್ಲಿ ಮೊದಲ ಆಯ್ಕೆಯಾದ ಅತಿ ಕಿರಿಯರಲ್ಲಿ ಒಬ್ಬ. ಹದಿನೆಂಟು, ಹತ್ತೊಂಬತ್ತು ವರ್ಷದ ಪಿಚರ್‌ಗಳೆದುರು ಹದಿನೇಳರ ಹುಡುಗ ಸರಿಸಮನಾಗಿ ನಿಂತರೆ ಅದನ್ನು ತಂಡಗಳು ತೂಗಿ ನೋಡುತ್ತವೆ, ನೋಡಬೇಕು ಕೂಡ.

ಹಣದ ಕಾರಣವೂ ಇದೆ, ಅದನ್ನು ಚಿಕ್ಕದಾಗಿ ಹೇಳುತ್ತೇನೆ. 2012ರಿಂದ ಪ್ರತಿ ತಂಡಕ್ಕೂ ಡ್ರಾಫ್ಟ್‌ನ ಒಟ್ಟು ಖರ್ಚಿಗೆ ಮಿತಿಯಿದೆ. ಮೊದಲ ಆಯ್ಕೆಗೆ ಸುಮಾರು 110 ಲಕ್ಷ ಡಾಲರ್ ಗೊತ್ತುಪಡಿಸಿದ್ದರೂ ವಿಲಿಟ್ಸ್ ಒಪ್ಪಿದ್ದು 82 ಲಕ್ಷಕ್ಕೆ. ಹೀಗೆ ಉಳಿದ ಹಣದ ಬಲದಿಂದ ತಂಡವು ಮೂರು, ನಾಲ್ಕು, ಐದನೆಯ ಸುತ್ತುಗಳಲ್ಲಿ ಕಾಲೇಜಿಗೆ ಹೊರಟಿದ್ದ ಹುಡುಗರನ್ನು ಒಲಿಸಿಕೊಂಡಿತು. ಅವರಲ್ಲಿ ಇಬ್ಬರು ಪಿಚರ್‌ಗಳು. 2012ರಲ್ಲಿ ಹ್ಯೂಸ್ಟನ್ ತಂಡ ಹೀಗೆಯೇ ಪೋರ್ಟೊರಿಕೋದ ಹೈಸ್ಕೂಲ್ ಶಾರ್ಟ್‌ಸ್ಟಾಪ್ ಕಾರ್ಲೋಸ್ ಕೊರಿಯಾನನ್ನು 48 ಲಕ್ಷ ಡಾಲರಿಗೆ ಒಪ್ಪಿಸಿ, ಉಳಿಸಿದ ಹಣದಲ್ಲಿ ಲ್ಯಾನ್ಸ್ ಮೆಕಲರ್ಸ್ ಎಂಬ ಪಿಚರ್‌ನನ್ನೂ ಪಡೆದಿತ್ತು. 2017ರಲ್ಲಿ ವರ್ಲ್ಡ್ ಸೀರೀಸ್ ಗೆದ್ದ ತಂಡದಲ್ಲಿ ಇಬ್ಬರೂ ಇದ್ದರು.

ಇಷ್ಟು ಹೇಳಿದ್ದರಿಂದ ವಿಲಿಟ್ಸ್ ದೊಡ್ಡ ಆಟಗಾರನಾಗುತ್ತಾನೆ ಎಂದು ನಾನು ಭರವಸೆ ಕೊಡುತ್ತಿದ್ದೇನೆ ಎಂದು ಯಾರೂ ತಿಳಿಯಬಾರದು. 2004ರಲ್ಲಿ ಸ್ಯಾನ್ ಡಿಯಾಗೋ ಹೈಸ್ಕೂಲ್ ಶಾರ್ಟ್‌ಸ್ಟಾಪ್ ಮ್ಯಾಟ್ ಬುಷ್‌ನನ್ನು ಮೊದಲು ಆರಿಸಿತು, ಎರಡನೆಯ ಆಯ್ಕೆಯಾಗಿ ಡೆಟ್ರಾಯಿಟ್‌ಗೆ ಸಿಕ್ಕವರು ಜಸ್ಟಿನ್ ವರ್ಲ್ಯಾಂಡರ್. 2008ರಲ್ಲಿ ಟ್ಯಾಂಪಾ ಟಿಮ್ ಬೆಕಮ್‌ನನ್ನು ಮೊದಲು ಕರೆದಾಗ ಬಸ್ಟರ್ ಪೋಸಿ ಐದನೆಯವರಾಗಿ ಉಳಿದಿದ್ದರು. 2017ರ ಮೊದಲ ಆಯ್ಕೆ ರಾಯ್ಸ್ ಲೂಯಿಸ್ ಬಲ ಮೊಣಕಾಲಿನ ಅದೇ ಅಸ್ಥಿರಜ್ಜನ್ನು ಎರಡು ಸಲ ಹರಿದುಕೊಂಡ. ಹದಿಹರೆಯದವರ ಬಗ್ಗೆ ಖಚಿತವಾಗಿ ಮಾತನಾಡುವವರನ್ನು ನಾನು ನಂಬುವುದಿಲ್ಲ.

ಇದು ಬರೀ ಅಭಿಮಾನಿಗಳ ಚರ್ಚೆಯಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ. ಡ್ರಾಫ್ಟ್ ಎಂದರೆ ಖಾಲಿ ಜಾಗ ತುಂಬುವುದು ಎಂದು ನಂಬಿದ ತಂದೆ ಅದೇ ಲೆಕ್ಕವನ್ನು ಮಗನಿಗೂ ಹಾಕುತ್ತಾರೆ. "ಶಾರ್ಟ್‌ಸ್ಟಾಪ್‌ಗಳು ಬಹಳ ಜನ, ಪಿಚರ್‌ಗಳಿಗೆ ಬೇಡಿಕೆ" ಎಂದು ಹದಿಮೂರು ವರ್ಷದ ಹುಡುಗನನ್ನು ಶಾರ್ಟ್‌ಸ್ಟಾಪ್ ಜಾಗದಿಂದ ಎತ್ತಿ ಪಿಚರ್ ನಿಲ್ಲುವ ದಿಬ್ಬದ ಮೇಲೆ ನಿಲ್ಲಿಸಿ, ಚಳಿಗಾಲದಲ್ಲೂ ಎಸೆಸುತ್ತಾರೆ. ಆಮೇಲೆ ಮೊಣಕೈಯ ಒಳಬದಿಯ ನೋವಿಗೆಂದು ನನ್ನ ಬಳಿ ಬರುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಮಗನಿಗೆ ಇಷ್ಟವಿದ್ದು, ಕಾಲು ಓಡುವಷ್ಟು ದಿನ ಶಾರ್ಟ್‌ಸ್ಟಾಪ್ ಆಗಿಯೇ ಆಡಲಿ. ಪಿಚ್ ಮಾಡುವುದೇ ಆದರೆ ಮೇಜರ್ ಲೀಗ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ರೂಪಿಸಿದ 'ಪಿಚ್ ಸ್ಮಾರ್ಟ್' ಸೂಚನೆಗಳನ್ನು ಓದಿಕೊಳ್ಳಿ: ಹದಿಮೂರು, ಹದಿನಾಲ್ಕರ ವಯಸ್ಸಿಗೆ ದಿನಕ್ಕೆ ಹೆಚ್ಚೆಂದರೆ 95 ಎಸೆತ, ಪಿಚ್ ಮಾಡಿದ ಪಂದ್ಯದಲ್ಲಿ ಕ್ಯಾಚರ್ (ಬ್ಯಾಟರ್ ಹಿಂದೆ ಕುಳಿತು ಚೆಂಡು ಹಿಡಿಯುವವ) ಆಗಿ ನಿಲ್ಲಿಸಬಾರದು, ವರ್ಷದಲ್ಲಿ ನಾಲ್ಕು ತಿಂಗಳು ಪಿಚಿಂಗ್‌ನಿಂದ ಬಿಡುವು. ನೋವು ಒಂದು ವಾರ ದಾಟಿದರೆ ಮಂಜುಗಡ್ಡೆ ಇಟ್ಟುಕೊಂಡು ಕಾಯದೆ, ಮಕ್ಕಳ ಮೂಳೆ ನೋಡಿ ಅನುಭವವಿರುವ ವೈದ್ಯರಲ್ಲಿ ಎಕ್ಸ್‌ರೇ ಮಾಡಿಸಿ.